ಮಗುವಿನ ರಕ್ತದಲ್ಲಿ ಸೀಸ 12 ಬಂದಿದೆ, ಡಾಕ್ಟರು ಔಷಧಿ ಯಾಕೆ ಕೊಡಲಿಲ್ಲ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ ಎರಡೂವರೆ ವರ್ಷ. ಯಜಮಾನರದು ಬ್ಯಾಟರಿ ರಿಪೇರಿ ಕೆಲಸ. ಬೆರಳು ಚುಚ್ಚಿ ನೋಡಿದಾಗ ಮಗಳ ರಕ್ತದಲ್ಲಿ ಸೀಸ 14 ಇತ್ತು. ತೋಳಿಂದ ರಕ್ತ ತೆಗೆದು ಮತ್ತೆ ನೋಡಿದರು, 12 ಬಂತು. ಡಾಕ್ಟರು ಔಷಧಿ ಕೊಡಲಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಅತ್ತೆ ಊರಿಂದ ಒಂದು ಪುಡಿ ತರಿಸುತ್ತೇನೆ, ಮೈಯಲ್ಲಿರುವ ವಿಷವನ್ನೆಲ್ಲ ತೊಳೆದು ಹಾಕುತ್ತದೆ ಅನ್ನುತ್ತಾರೆ. ಕೊಡಬಹುದಾ ಡಾಕ್ಟ್ರೇ?

ಉತ್ತರ: ಕೊಡಬೇಡಿ ತಾಯಿ. ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಈ ಪ್ರಶ್ನೆ ನನಗೆ ಎಷ್ಟನೇ ಸಲ ಬರುತ್ತಿದೆಯೋ ಲೆಕ್ಕ ಬಿಟ್ಟಿದ್ದೇನೆ. ಒಬ್ಬರ ಮನೆಯಲ್ಲಿ ಪುಡಿ, ಇನ್ನೊಬ್ಬರಲ್ಲಿ ಕಷಾಯ, ಮತ್ತೊಬ್ಬರಲ್ಲಿ ಕೊತ್ತಂಬರಿ ರಸ. ನಂಬಿಕೆ ಮಾತ್ರ ಒಂದೇ: ಸೀಸ ಹೊಟ್ಟೆಯಲ್ಲಿ ಕೂತ ಕೊಳೆ, ಏನಾದರೂ ಕುಡಿಸಿದರೆ ಹೊರಗೆ ಹೋಗುತ್ತದೆ ಅಂತ. ಇವತ್ತು ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ.

ಸೀಸ ಹೊಟ್ಟೆಯಲ್ಲಿ ಕೂರುವುದಿಲ್ಲ. ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮೈ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ ಸೇರಿಸಿಕೊಳ್ಳುತ್ತದೆ. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆಯಲ್ಲಿರುವುದು ವರ್ಷಗಟ್ಟಲೆ ಅಲ್ಲೇ ಇದ್ದು, ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬರುತ್ತಿರುತ್ತದೆ. ಭೇದಿ ಮಾಡಿಸಿದರೆ ಮೂಳೆ ತೊಳೆಯುತ್ತದಾ? ಇಲ್ಲ. ಮಗು ಸುಸ್ತಾಗುತ್ತದೆ, ಅಷ್ಟೇ.

"ಆಸ್ಪತ್ರೆಯಲ್ಲಿ ಸೀಸ ಇಳಿಸುವ ಔಷಧಿ ಇದೆಯಂತಲ್ಲ?" ಇದೆ. ಆದರೆ ಅದು ಒಂದು ಡೆಸಿಲೀಟರ್ (100 ಮಿಲಿ) ರಕ್ತದಲ್ಲಿ ಸೀಸ 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುವ ಮಕ್ಕಳಿಗೆ. ನಿಮ್ಮ ಮಗಳ 12 ಕೂಡ ಇದೇ ಅಳತೆಯದು. ಅಷ್ಟಾದರೆ ಮೂರು ತಿಂಗಳು ಕಾಯುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಡಿಮೆ ಇದ್ದವರಿಗೂ ಕೊಟ್ಟರೇನು ಅಂತ ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಸೀಸ 20ರಿಂದ 44ರವರೆಗೆ ಇದ್ದ 780 ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಸಕ್ಸಿಮರ್ ಎಂಬ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ಬರೀ ಕ್ಯಾಪ್ಸೂಲ್ ಕೊಟ್ಟರು. 2001ರಲ್ಲಿ ಫಲಿತಾಂಶ ಬಂತು. ಔಷಧಿ ಪಡೆದವರ ರಕ್ತದಲ್ಲಿ ಸೀಸ ಬೇಗ ಇಳಿದಿತ್ತು. ಆದರೆ ಬುದ್ಧಿ, ಕಲಿಕೆ, ನಡವಳಿಕೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ನಾವು ಉಳಿಸಬೇಕಾದದ್ದು ಮಗುವಿನ ಮಿದುಳನ್ನು, ಬರೀ ರಿಪೋರ್ಟಿನ ಅಂಕಿಯನ್ನಲ್ಲ. 20ರ ಮೇಲಿದ್ದವರಿಗೇ ಉಪಯೋಗವಾಗದ್ದನ್ನು 12ಕ್ಕೆ ಕೊಡುವುದು ಯಾಕೆ?

ಅತ್ತೆಯವರ ಪುಡಿಗೆ ಬರುತ್ತೇನೆ. ಅದರಲ್ಲಿ ಏನಿದೆ ಅಂತ ಕೇಳಿದ್ದೀರಾ? ರಸಶಾಸ್ತ್ರದಲ್ಲಿ, ಅಂದರೆ ಲೋಹಗಳಿಂದ ಔಷಧಿ ಮಾಡುವ ಆಯುರ್ವೇದದ ವಿದ್ಯೆಯಲ್ಲಿ, ನಾಗ ಅಂದರೆ ಸೀಸ. ನಾಗ ಭಸ್ಮ ಅಂದರೆ ಸೀಸವನ್ನೇ ಸುಟ್ಟು ಮಾಡಿದ ಪುಡಿ. 2004ರಲ್ಲಿ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ, ನಮ್ಮ ಕಡೆಯಿಂದ ಹೋದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಎಲ್ಲ ನಾಟಿ ಔಷಧಿಯೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಹೆಸರಿಲ್ಲದ ಪುಡಿಯನ್ನು ಸೀಸ ಇರುವ ಮಗುವಿನ ಬಾಯಿಗೆ ಹಾಕಬೇಡಿ ಅನ್ನುತ್ತಿದ್ದೇನೆ. ಅತ್ತೆಯವರಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ಹಾಗಾದರೆ ಮಾಡುವುದೇನು? ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸುವುದು. ಚಿಕಿತ್ಸೆ ಅಂದರೆ ಇದೇ. ನಿಮ್ಮ ಮನೆಯಲ್ಲಿ ಮೊದಲ ಅನುಮಾನ ಬ್ಯಾಟರಿ ಕೆಲಸದ ಬಟ್ಟೆಯ ಮೇಲೆ. ಯಜಮಾನರು ಕೆಲಸದ ಜಾಗದಲ್ಲೇ ಬಟ್ಟೆ, ಚಪ್ಪಲಿ ಬದಲಿಸಿ, ಕೈಮುಖ ತೊಳೆದು ಬರಲಿ. ಮನೆಗೆ ಬಂದ ಕೂಡಲೇ ಸ್ನಾನ. ಅಲ್ಲಿಯವರೆಗೆ ಮಗಳನ್ನು ಎತ್ತಿಕೊಳ್ಳುವುದು ಬೇಡ. ಕಷ್ಟ ಅಂತ ಗೊತ್ತು, ಬಾಗಿಲಿಗೇ ಓಡಿ ಬರುತ್ತಾಳೆ ಅಲ್ವಾ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಚಾಳ್ ಆಗಿದ್ದರೆ ಕಿಟಕಿ ಸರಳಿನ ಹಳೇ ಬಣ್ಣವನ್ನು ಒಣಗಿದ ಹಾಗೇ ಕೆರೆಯಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಕಾಡಿಗೆ, ಸುರ್ಮಾ ಹಚ್ಚುವುದನ್ನು ನಿಲ್ಲಿಸಿ. ಬಿಡಿಯಾಗಿ ಮಾರುವ ಅರಿಶಿನ ಪುಡಿಯೂ ಬೇಡ, ಹೊಳಪಿಗೆ ಸೀಸದ ಬಣ್ಣ ಬೆರೆಸುವುದುಂಟು.

ಊಟದಲ್ಲಿ ರಾಗಿ, ಸೊಪ್ಪು, ಬೇಳೆ, ಮೇಲೊಂದಿಷ್ಟು ನಿಂಬೆರಸ ಇರಲಿ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಾದ ಮೈ ಸೀಸವನ್ನು ಜಾಸ್ತಿ ಹೀರುತ್ತದೆ. ಅದಕ್ಕೇ ರಕ್ತಹೀನತೆಯನ್ನೂ ಪರೀಕ್ಷಿಸಬೇಕು. ಹಾಗಂತ ಹಿಮೋಗ್ಲೋಬಿನ್ ಚೆನ್ನಾಗಿದೆ, ಮಗು ಆಡಿಕೊಂಡಿದೆ ಅಂದರೆ ಸೀಸ ಇಲ್ಲ ಅಂತಲ್ಲ. 12ಕ್ಕೆ ಹೊರಗೆ ಏನೂ ಕಾಣುವುದಿಲ್ಲ.

ಬೆರಳಿನ ಟೆಸ್ಟಿನ ಮೇಲೆ ತೋಳಿನ ಟೆಸ್ಟ್ ಯಾಕೆ ಅಂದರೆ, ಬೆರಳಿನ ಚರ್ಮದ ಮೇಲಿರುವ ಧೂಳೇ ಅಂಕಿಯನ್ನು ಏರಿಸಬಹುದು. ಮೂರು ತಿಂಗಳಾದ ಮೇಲೆ ತಪ್ಪದೆ ಹೋಗಿ. ಅಂಕಿ ಇಳಿದಿದ್ದರೆ ಮೂಲ ಸಿಕ್ಕಿದೆ ಅಂತ. ಇಳಿಯದಿದ್ದರೆ ಇನ್ನೂ ಎಲ್ಲಿಂದಲೋ ಬರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 5ಕ್ಕೇ ಮೂಲ ಹುಡುಕಿ ಅನ್ನುತ್ತದೆ, ಅಮೆರಿಕದವರು 3.5ಕ್ಕೇ. ಇಳಿದ ಮೇಲೂ ಮಾತು, ಗಮನ, ಕಲಿಕೆಯ ಮೇಲೆ ಶಾಲೆಗೆ ಸೇರುವವರೆಗೂ, ಸೇರಿದ ಮೇಲೂ ಕಣ್ಣಿಡಿ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರಿಗೂ ಟೆಸ್ಟ್ ಮಾಡಿಸಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂಬೈಯಲ್ಲಿರುವ ನಮ್ಮವರ ಮನೆಗಳಲ್ಲಿ ಊರಿಂದ ತಂದ ಹಿತ್ತಾಳೆ ಪಾತ್ರೆ ಒಂದಾದರೂ ಇರುತ್ತದೆ. ಅದಕ್ಕೆ ಕಲಾಯಿ ಹಾಕಿಸುತ್ತೇವೆ. ಕಲಾಯಿ ಶುದ್ಧ ತವರದ್ದಾಗಿರಬೇಕು. ತವರ ದುಬಾರಿ, ಸೀಸ ಅಗ್ಗ, ಕರಗಿಸಿ ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಅದರಲ್ಲಿ ಹುಣಸೆಹುಳಿ ಸಾರು ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತದೆ. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯೂ ಹಾಗೇ. ಅಜ್ಜಿಯ ಪಾತ್ರೆಯನ್ನು ಎಸೆಯಬೇಕಿಲ್ಲ, ಅಟ್ಟದಲ್ಲಿಡಿ. ಮಗಳ ಸಾರು ಸ್ಟೀಲ್ ಪಾತ್ರೆಯಲ್ಲಿ ಕುದಿಯಲಿ.