ಪದ ಪರಿಚಯ: ಕುಬ್ಜ ಸ್ಪ್ರೂಸ್ ಬೋನ್ಸಾಯ್

ಸ್ಪ್ರೂಸ್ ಎಂದರೆ ಉತ್ತರ ಗೋಳಾರ್ಧದ ಚಳಿ ಸೀಮೆಯಲ್ಲಿ ಬೆಳೆಯುವ, ಸೂಜಿಯಂಥ ಎಲೆಗಳ ನಿತ್ಯಹಸಿರು ಮರ. ಸಸ್ಯಶಾಸ್ತ್ರದಲ್ಲಿ ಇದರ ಕುಲ ಪೀಸಿಯಾ. ಪೈನ್, ಫರ್, ಸ್ಪ್ರೂಸ್ ಮೂರೂ ಒಂದೇ ಥರ ಕಾಣುತ್ತವೆ ಎನ್ನುವವರು ಒಂದು ಎಲೆ ಕಿತ್ತು ಎರಡು ಬೆರಳ ನಡುವೆ ಹೊರಳಿಸಿ ನೋಡಬೇಕು. ಪೈನಿನ ಎಲೆಗಳು ಸಾಮಾನ್ಯವಾಗಿ ಎರಡು, ಮೂರು ಅಥವಾ ಐದರ ಕಟ್ಟಾಗಿ ಬರುತ್ತವೆ. ಫರ್ ಎಲೆ ಚಪ್ಪಟೆ, ಉರುಳುವುದಿಲ್ಲ. ಸ್ಪ್ರೂಸಿನದು ಹೆಚ್ಚಾಗಿ ನಾಲ್ಕು ಅಂಚಿನ ಒಂಟಿ ಎಲೆ, ಸಲೀಸಾಗಿ ಉರುಳುತ್ತದೆ. ಎಲೆ ಉದುರಿದ ರೆಂಬೆಯನ್ನು ಸವರಿದರೆ ಅರ ಮುಟ್ಟಿದಷ್ಟು ಒರಟು, ಏಕೆಂದರೆ ಎಲೆ ಕೂತಿದ್ದ ಸಣ್ಣ ಗೂಟಗಳು ಅಲ್ಲೇ ಉಳಿದಿರುತ್ತವೆ.

ಈ ಮರಗಳಲ್ಲಿ ಹುಟ್ಟಿನಿಂದಲೇ ಗಿಡ್ಡವಾದ ತಳಿಗಳಿಗೆ ಕುಬ್ಜ ಸ್ಪ್ರೂಸ್ ಎನ್ನುತ್ತಾರೆ. ಹೆಚ್ಚು ಹೆಸರಾದದ್ದು ಕುಬ್ಜ ಆಲ್ಬರ್ಟಾ ಸ್ಪ್ರೂಸ್, ಅಂದರೆ ಪೀಸಿಯಾ ಗ್ಲಾಕಾದ 'ಕೋನಿಕಾ' ತಳಿ. 1904ರಲ್ಲಿ ಅಮೆರಿಕದ ಆರ್ನಲ್ಡ್ ಆರ್ಬೋರೇಟಂ ಎಂಬ ಮರಗಳ ಸಸ್ಯೋದ್ಯಾನದ ಆಲ್ಫ್ರೆಡ್ ರೆಡರ್ ಮತ್ತು ಜೆ. ಜಿ. ಜ್ಯಾಕ್ ಅವರಿಗೆ ಇದು ಕೆನಡಾದ ಆಲ್ಬರ್ಟಾದ ಲಗ್ಗಾನ್ ಬಳಿ ಸಿಕ್ಕಿತು. ಆ ಊರಿಗೆ ಈಗ ಲೇಕ್ ಲೂಯಿಸ್ ಎಂದು ಹೆಸರು. ಇದರ ಮೂಲ ಮರವಾದ ಬಿಳಿ ಸ್ಪ್ರೂಸ್ ನೂರಡಿ ಎತ್ತರಕ್ಕೂ ಹೋಗಬಲ್ಲದು. ಈ ಗಿಡ್ಡ ತಳಿ ವರ್ಷಕ್ಕೆ ಬೆಳೆಯುವುದು 5ರಿಂದ 10 ಸೆಂ.ಮೀ. ಅಷ್ಟೆ. ನಾರ್ವೆ ಸ್ಪ್ರೂಸಿನಿಂದ ಬಂದ 'ನಿಡಿಫಾರ್ಮಿಸ್', 'ಲಿಟ್ಲ್ ಜೆಮ್' ಕೂಡ ಇದೇ ಸಾಲಿನವು. ಜಪಾನಿನ ಬೋನ್ಸಾಯ್‌ಗಾರರು, ಅಂದರೆ ಮರವನ್ನು ಕುಂಡದಲ್ಲೇ ಚಿಕ್ಕದಾಗಿ ಪಳಗಿಸಿ ಬೆಳೆಸುವವರು, ಹೊಕ್ಕೈಡೊ ಕಡೆಯ ಎಜೋ ಸ್ಪ್ರೂಸನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ.

ಗಿಡ್ಡ ಮರ ಎಂದಮಾತ್ರಕ್ಕೆ ಅರ್ಧ ಬೋನ್ಸಾಯ್ ಆದಂತೆ ಎಂದುಕೊಂಡು ಕೊಳ್ಳುವವರೇ ಹೆಚ್ಚು. ನನ್ನ ಮಟ್ಟಿಗೆ ಈ ತಳಿಯ ವರವೂ ತೊಡಕೂ ಒಂದೇ: ದಟ್ಟಣೆ. ಎಲೆ ಚಿಕ್ಕದಾದ್ದರಿಂದ ಒಂದಡಿಯ ಗಿಡವೂ ದೊಡ್ಡ ಮರದ ಪ್ರಮಾಣದಲ್ಲಿ ಕಾಣುತ್ತದೆ. ಆದರೆ ನರ್ಸರಿಯಿಂದ ತಂದ ಶಂಕುವಿನಾಕಾರದ ಗಿಡವನ್ನು ಬಿಡಿಸಿ ನೋಡಿ: ಹೊರಗೆ ಒಂದು ಪದರ ಹಸಿರು, ಒಳಗೆ ಬೆಳಕು ಕಾಣದೆ ಒಣಗಿದ ಕಂದು ರೆಂಬೆಗಳು. ಕಾಂಡದ ಒಂದೇ ಮಟ್ಟದಿಂದ ನಾಲ್ಕೈದು ಕೊಂಬೆ ಹೊರಟು, ಆ ಜಾಗ ಗಂಟಿನಂತೆ ದಪ್ಪಗಾಗಿರುತ್ತದೆ.

ಹಾಗಾಗಿ ಮೊದಲ ಕೆಲಸ ತೆಗೆಯುವುದು. ಬುಡದ ಮಣ್ಣು ಸರಿಸಿ ಬೇರು ಹರಡಿರುವ ಬಗೆ ನೋಡಿ, ಮುಂಭಾಗ ಯಾವುದೆಂದು ಗೊತ್ತುಮಾಡಿಕೊಂಡು, ಒಂದೊಂದು ಮಟ್ಟದಲ್ಲೂ ಒಂದೆರಡು ಕೊಂಬೆ ಮಾತ್ರ ಉಳಿಸಬೇಕು. ಬೇಡದ್ದನ್ನೆಲ್ಲ ಒಂದೇ ದಿನ ಕತ್ತರಿಸುವ ಆತುರ ಬೇಡ. ಹಸಿರಿಲ್ಲದ ಹಳೆಯ ಕೊಂಬೆಯಲ್ಲಿ ಹೊಸ ಚಿಗುರು ಬರುವುದು ತೀರಾ ಅಪರೂಪ. ತುದಿಯ ಎಲೆಯನ್ನೆಲ್ಲ ತೆಗೆದರೆ ಆ ಕೊಂಬೆಯ ಕಥೆ ಮುಗಿಯಿತು. ಸತ್ತ ಕೊಂಬೆಯ ತೊಗಟೆ ಸುಲಿದು ಬಿಳಿ ಕಟ್ಟಿಗೆಯಾಗಿ ಉಳಿಸಿಕೊಳ್ಳುವ ಪದ್ಧತಿಯೂ ಇದೆ, ಅದಕ್ಕೆ 'ಜಿನ್' ಎನ್ನುತ್ತಾರೆ. ಸ್ಪ್ರೂಸಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಕೊಂಬೆಗೆ ಆಕಾರ ಕೊಡಲು ತಂತಿ ಸುತ್ತುವುದಕ್ಕೆ ಶರತ್ಕಾಲದ ಕೊನೆ ಅಥವಾ ಚಳಿಗಾಲ ಒಳ್ಳೆಯದು. ಹಿಮದ ಭಾರಕ್ಕೆ ಬಾಗಿದ ಬೆಟ್ಟದ ಮರದ ನೋಟ ಬರಲು ಕೊಂಬೆಗಳನ್ನು ಬುಡದಲ್ಲೇ ಕೆಳಕ್ಕೆ ಎಳೆಯುತ್ತಾರೆ. ಸ್ಪ್ರೂಸಿನ ಕೊಂಬೆ ಹೇಳಿದಂತೆ ಬಾಗುತ್ತದೆ, ಆದರೆ ಬಿಟ್ಟ ಕೂಡಲೇ ಮೇಲೇಳುತ್ತದೆ. ಒಂದೇ ಋತು ತಂತಿ ಕಟ್ಟಿದರೆ ಆ ಬಾಗು ನಿಲ್ಲುವುದಿಲ್ಲ. ತಂತಿ ತೊಗಟೆಗೆ ಕಚ್ಚುವ ಮೊದಲು ಬಿಚ್ಚಿ, ಮತ್ತೆ ಸುತ್ತಬೇಕಾಗುತ್ತದೆ. ಶೈಲಿಯ ವಿಷಯದಲ್ಲಿ ನೆಟ್ಟಗೆ ನಿಂತ 'ಚೊಕ್ಕನ್' ಮತ್ತು ಒಂದೇ ತಟ್ಟೆಯಲ್ಲಿ ಹಲವು ಮರ ನೆಟ್ಟು ಕಾಡು ಮಾಡುವ 'ಯೋಸೆ-ಉಎ' ಇದಕ್ಕೆ ಸಹಜ. ತೆಳ್ಳಗಿನ ಅಗ್ಗದ ಗಿಡಗಳು ಸಿಕ್ಕರೆ ನಾನು ಕಾಡಿಗೇ ಮತ ಹಾಕುವೆ, ಒಂಟಿಯಾಗಿ ಅಂದಗೆಟ್ಟ ಗಿಡಕ್ಕೂ ಗುಂಪಿನಲ್ಲಿ ಒಂದು ಜಾಗ ಸಿಗುತ್ತದೆ.

ವಸಂತದಲ್ಲಿ ಮೊಗ್ಗುಗಳು ಕಂದು ಟೋಪಿ ಕಳಚಿ, ತಿಳಿಹಸಿರು ಕುಚ್ಚಾಗಿ ಅರಳುತ್ತವೆ. ಅದು ಇನ್ನೂ ಮೆತ್ತಗಿರುವಾಗಲೇ ಬೆರಳಲ್ಲಿ ಹಿಡಿದು ಅರ್ಧದಷ್ಟು ಚಿವುಟಿ ತೆಗೆಯಬೇಕು. ಕತ್ತರಿ ಹಾಕಿದರೆ ತುಂಡಾದ ಎಲೆಗಳ ತುದಿ ಕಂದಾಗುತ್ತದೆ. ಎಲ್ಲ ಕುಡಿಗಳೂ ಒಟ್ಟಿಗೆ ಬಾರದ ಕಾರಣ ಈ ಕೆಲಸ ಹಲವು ದಿನ ಹಿಡಿಯುತ್ತದೆ. ದುರ್ಬಲ ಕುಡಿಗಳನ್ನು ಮುಟ್ಟಬಾರದು.

ಕುಂಡ ಬದಲಿಸುವುದು ಮೊಗ್ಗು ಉಬ್ಬುವ ಮುಂಚೆ, ವಸಂತದ ಆರಂಭದಲ್ಲಿ. ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಅದೇ ವರ್ಷ ಕೊಂಬೆಗಳ ಮೇಲೆ ದೊಡ್ಡ ಕೆಲಸವನ್ನೂ ಇಟ್ಟುಕೊಳ್ಳಬಾರದು. ನೀರು ಬಸಿದುಹೋಗುವ, ಹರಳು ಹರಳಾದ ಮಣ್ಣು ಬೇಕು. ಬೇರು ಒದ್ದೆಯಲ್ಲೇ ನಿಂತರೆ ಕೊಳೆಯುತ್ತದೆ, ಒಮ್ಮೆ ಪೂರ್ತಿ ಒಣಗಿದರೂ ಗಿಡ ಕೈಬಿಡುತ್ತದೆ. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ, ಏಕೆಂದರೆ ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ.

ಒಣ ಬಿಸಿಲಿನ ದಿನಗಳಲ್ಲಿ ಜೇಡನುಸಿ ಕಾಡುತ್ತದೆ. ರೆಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದಾಗ ಚುಕ್ಕೆಗಳು ಬಿದ್ದು ನಡೆದಾಡಿದರೆ ನುಸಿ ಇದೆ ಎಂದರ್ಥ. ಎಲೆಗಳ ಒಳಭಾಗಕ್ಕೂ ತಲುಪುವಂತೆ ರಭಸವಾಗಿ ನೀರು ಹಾಯಿಸುವುದು ಮೊದಲ ಮದ್ದು. ಕೆಲವೊಮ್ಮೆ ಒಂದು ಕೊಂಬೆ ಇದ್ದಕ್ಕಿದ್ದಂತೆ ಉದ್ದ ಎಲೆ ಬಿಟ್ಟು ಬಿರುಸಾಗಿ ಬೆಳೆಯತೊಡಗುತ್ತದೆ. ಅದು ಮೂಲ ಬಿಳಿ ಸ್ಪ್ರೂಸಿನ ಗುಣಕ್ಕೆ ಮರಳಿದ ಕೊಂಬೆ. ಬುಡದಿಂದಲೇ ತೆಗೆಯದಿದ್ದರೆ ಉಳಿದ ಗಿಡವನ್ನು ಮೀರಿ ಬೆಳೆಯುತ್ತದೆ.

ಇದು ಹೊರಾಂಗಣದ ಮರ. ಚಳಿಗಾಲದ ಸುಪ್ತಾವಸ್ಥೆ ಸಿಗಲೇಬೇಕು, ಬೇಸಿಗೆಯ ಮಧ್ಯಾಹ್ನದ ಸುಡುಬಿಸಿಲಿಗೆ ಮರೆ ಬೇಕು. ವರ್ಷವಿಡೀ ಬೆಚ್ಚಗಿರುವ ಕಡೆ ಸೂಜಿಎಲೆಯ ಬೋನ್ಸಾಯ್ ಬೇಕೆನ್ನುವವರು ಬಿಸಿಲು ತಡೆಯುವ ಜೂನಿಪರ್ ತಳಿಗಳತ್ತ ನೋಡುವುದು ಮೇಲು.