ಗೆಲ್ಲುತ್ತಿದ್ದ ಅಲ್ಯೂಮಿನಿಯಂ ಚಾಸಿಯ ಜಾಗಕ್ಕೆ ಕಾರ್ಬನ್ ಬಂದದ್ದು ಹೇಗೆ?

1982ರಲ್ಲಿ ಫ್ರಾನ್ಸ್‌ನ ಲೆ ಮಾನ್ಸ್ 24 ಗಂಟೆಗಳ ಕಾರ್ ರೇಸ್‌ನಲ್ಲಿ ಮೊದಲ ಮೂರೂ ಸ್ಥಾನ ಪೋರ್ಷೆ 956 ಕಾರುಗಳ ಪಾಲಾದವು. ಅವುಗಳ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಅಲ್ಯೂಮಿನಿಯಂ ತಗಡಿನದು. ಆದರೆ ಅದಕ್ಕೆ ಒಂದು ವರ್ಷ ಮೊದಲೇ ಫಾರ್ಮುಲಾ ಒನ್‌ನಲ್ಲಿ ಕಾರ್ಬನ್ ಫೈಬರ್ ಚಾಸಿ ಗೆದ್ದಾಗಿತ್ತು. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಂಪಿ4/1 ಅದು. ಹೊಸದು ಕಣ್ಣೆದುರೇ ಇರುವಾಗ ಪೋರ್ಷೆ ಯಾಕೆ ಅಲ್ಯೂಮಿನಿಯಂ ಹಿಡಿಯಿತು?

ಪೋರ್ಷೆ ಮಟ್ಟಿಗೆ ಅಲ್ಯೂಮಿನಿಯಂ ಮಾನೋಕಾಕ್, ಅಂದರೆ ತಗಡಿನ ಒಡಲೇ ಭಾರ ಹೊರುವ ಚಾಸಿ ಕೂಡ ಹೊಸದೇ ಆಗಿತ್ತು. ಅಲ್ಲಿಯವರೆಗೆ ಅವರು ರೇಸಿಗೆ ತರುತ್ತಿದ್ದದ್ದು ಕೊಳವೆಗಳನ್ನು ಬೆಸೆದ ಚಾಸಿ. ಪ್ರಸಿದ್ಧ 917ರ ಅಲ್ಯೂಮಿನಿಯಂ ಕೊಳವೆಗಳೊಳಗೆ ಗ್ಯಾಸ್ ತುಂಬುತ್ತಿದ್ದರು. ಒತ್ತಡ ಇಳಿದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದರ್ಥ. 1971ರಲ್ಲಿ ಲೆ ಮಾನ್ಸ್ ಗೆದ್ದ 917ರ ಕೊಳವೆಗಳಂತೂ ಮೆಗ್ನೀಸಿಯಂನವು. ತೂಕ ಇಳಿಸಲು ಎಷ್ಟು ದೂರ ಹೋಗಿದ್ದರು ನೋಡಿ!

ಬೇರೆಯವರು ಈ ದಾರಿಯಲ್ಲಿ ಮುಂದೆ ಇದ್ದರು. ಜಾಗ್ವಾರ್ ಡಿ-ಟೈಪ್ 1954ರಲ್ಲೇ ವಿಮಾನದ ರೀತಿಯ ತಗಡಿನ ಒಡಲು ತಂದಿತ್ತು. 1966ರಲ್ಲಿ ಫೋರ್ಡ್ ತನ್ನ ಜೆ-ಕಾರ್‌ಗೆ ಅಲ್ಯೂಮಿನಿಯಂ ಹನಿಕೂಂಬ್ ಬಳಸಿತು. ಎರಡು ತೆಳು ತಗಡುಗಳ ನಡುವೆ ಜೇನುಗೂಡಿನಂಥ ಪದರ ಇಟ್ಟು ಅಂಟಿಸುವ ಕ್ರಮ ಇದು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ರಿವರ್‌ಸೈಡ್‌ನಲ್ಲಿ ಆ ಕಾರಿನ ಪರೀಕ್ಷೆ ನಡೆಯುತ್ತಿದ್ದಾಗ ಅದನ್ನು ಓಡಿಸುತ್ತಿದ್ದ ಕೆನ್ ಮೈಲ್ಸ್ ಅಪಘಾತದಲ್ಲಿ ಸತ್ತರು. ಆಮೇಲೆ ಒಳಗೆ ಚಾಲಕನನ್ನು ಕಾಯುವ ಉಕ್ಕಿನ ಪಂಜರ, ರೋಲ್ ಕೇಜ್ ಬಂತು. ಹಾಗೆ ಬದಲಾದ ಮಾರ್ಕ್ 4 ಕಾರು 1967ರಲ್ಲಿ ಲೆ ಮಾನ್ಸ್ ಗೆದ್ದಿತು.

ಮತ್ತೆ 956ಕ್ಕೆ ಬರೋಣ. ಪೋರ್ಷೆ ಈ ಕಾರನ್ನು ಖಾಸಗಿ ತಂಡಗಳಿಗೂ ಮಾರುತ್ತಿತ್ತು. 956 ಮತ್ತು ಅದರ ಮುಂದಿನ ರೂಪವಾದ 962 ಸೇರಿ 100ಕ್ಕೂ ಹೆಚ್ಚು ಕಾರುಗಳು ತಯಾರಾದವು. ನನ್ನ ಪ್ರಕಾರ ಅಲ್ಯೂಮಿನಿಯಂ ಇಷ್ಟು ಕಾಲ ಉಳಿದದ್ದಕ್ಕೆ ದೊಡ್ಡ ಕಾರಣ ಇದೇ. ತಗಡು ಬಗ್ಗಿದರೆ ರಿವೆಟ್ ಬಿಚ್ಚಿ, ಹೊಸ ತಗಡು ಕೂರಿಸಿ ಮುಂದಿನ ರೇಸಿಗೆ ಹೋಗಬಹುದು. ಕಾರ್ಬನ್‌ದು ಹಾಗಲ್ಲ. ರಾಳ ಹೀರಿದ ಬಟ್ಟೆಯನ್ನು ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸಬೇಕು. ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ತೇಜಸ್ ವಿಮಾನದ ಕಾರ್ಬನ್ ಭಾಗಗಳನ್ನು ಮಾಡಿದ್ದೂ ಇದೇ ಕ್ರಮದಲ್ಲಿ. ಸಣ್ಣ ತಂಡಕ್ಕೆ ಇದೆಲ್ಲ ಕೈಗೆಟುಕುವ ಮಾತಲ್ಲ.

ಆದರೆ ಅಲ್ಯೂಮಿನಿಯಂ ಚಾಸಿಯ ಮೇಲೆ ಭಾರ ಹೆಚ್ಚುತ್ತಿತ್ತು. 956 ಸೇರಿದ್ದ ಗ್ರೂಪ್ ಸಿ ಎಂಬ ರೇಸ್ ವರ್ಗದ ಕಾರುಗಳ ತಳದಡಿ ಹರಿಯುವ ಗಾಳಿ ಅವುಗಳನ್ನು ನೆಲಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಚಾಸಿ ತಿರುಚಿದರೆ ಚಕ್ರಗಳ ಹಿಡಿತವೂ ಕೆಡುತ್ತದೆ. 956 ಓಡಿಸುತ್ತಿದ್ದ ಖಾಸಗಿ ತಂಡಗಳಲ್ಲೊಂದಾದ ರಿಚರ್ಡ್ ಲಾಯ್ಡ್ ತಂಡ ಸುಮ್ನೆ ಕೂರಲಿಲ್ಲ. ವಿನ್ಯಾಸಕ ನೈಜೆಲ್ ಸ್ಟ್ರೌಡ್ ಕೈಯಲ್ಲಿ ತನ್ನ 956ಕ್ಕೆ ಬೇರೆಯದೇ ಹನಿಕೂಂಬ್ ಚಾಸಿ ಮಾಡಿಸಿತು. ಕಂಪನಿಯ ಮೂಲ ಚಾಸಿಗಿಂತ ಅದು ಜಾಸ್ತಿ ಗಡುಸಾಗಿತ್ತು.

ಇನ್ನೊಂದು ಚಿಂತೆ ಚಾಲಕನ ಕಾಲುಗಳದು. 956ರಲ್ಲಿ ಪಾದಗಳು ಮುಂಭಾಗದ ಆಕ್ಸಲ್‌ಗಿಂತ ಮುಂದೆ ಇರುತ್ತಿದ್ದವು. ಅಮೆರಿಕದಲ್ಲಿ ರೇಸ್ ನಡೆಸುವ ಇಮ್ಸಾ ಸಂಸ್ಥೆ ಇದನ್ನು ಒಪ್ಪಲಿಲ್ಲ. ಹಾಗಾಗಿ 962ರಲ್ಲಿ ಮುಂದಿನ ಚಕ್ರಗಳು 120 ಮಿ.ಮೀ. ಮುಂದೆ ಹೋದವು.

1985ರ ಆಗಸ್ಟ್‌ನಲ್ಲಿ ಕೆನಡಾದ ಮಾಸ್‌ಪೋರ್ಟ್‌ನಲ್ಲಿ ಕ್ರೆಮರ್ ತಂಡದ 962ಸಿ ಗೋಡೆಗೆ ಬಡಿದು ಮ್ಯಾನ್‌ಫ್ರೆಡ್ ವಿಂಕಲ್‌ಹಾಕ್ ತೀರಿಕೊಂಡರು. ಮೂರು ವಾರದೊಳಗೆ ಬೆಲ್ಜಿಯಂನ ಸ್ಪಾದಲ್ಲಿ ಬ್ರುನ್ ತಂಡದ 956 ಓಡಿಸುತ್ತಿದ್ದ ಸ್ಟೆಫಾನ್ ಬೆಲ್ಲೊಫ್ ಹೋದರು. ವಯಸ್ಸು ಬರೀ 27. ಆ ವೇಗಕ್ಕೆ, ಆ ಕಾಲದ ಟ್ರ್ಯಾಕ್ ಗೋಡೆಗಳಿಗೆ ಯಾವ ಚಾಸಿಯಾದರೂ ತಡೆದುಕೊಳ್ಳುತ್ತಿತ್ತು ಎನ್ನಲಾಗದು. ಆದರೂ ಈ ಸಾವುಗಳ ನಂತರ ಚಾಸಿಯ ಗಟ್ಟಿತನ ಬರೀ ವೇಗದ ಲೆಕ್ಕಾಚಾರವಾಗಿ ಉಳಿಯಲಿಲ್ಲ. ಬ್ರುನ್, ಕ್ರೆಮರ್ ತಂಡಗಳೂ ಗಟ್ಟಿ ಚಾಸಿಗಳನ್ನು ಬೇರೆ ಕಡೆ ಮಾಡಿಸಿದವು.

ವಿಂಕಲ್‌ಹಾಕ್ ಅಪಘಾತವಾದ ಅದೇ ಮಾಸ್‌ಪೋರ್ಟ್ ರೇಸ್‌ನಲ್ಲಿ ಹೊಸ ಕಾರೊಂದು ಮೊದಲ ಬಾರಿ ಓಡಿತು. ಟೋನಿ ಸೌತ್‌ಗೇಟ್ ವಿನ್ಯಾಸದ ಜಾಗ್ವಾರ್ ಎಕ್ಸ್‌ಜೆಆರ್-6. ಅದರ ಒಡಲು ಕಾರ್ಬನ್ ಮತ್ತು ಕೆವ್ಲಾರ್ ಎಂಬ ಗಟ್ಟಿ ನಾರಿನದು. ಅದೇ ಬಳಗದ ಎಕ್ಸ್‌ಜೆಆರ್-9 ಕಾರು 1988ರಲ್ಲಿ ಲೆ ಮಾನ್ಸ್ ಗೆದ್ದು, ಪೋರ್ಷೆಯ ಸತತ ಏಳು ಗೆಲುವುಗಳ ಸರಣಿ ಮುರಿಯಿತು.

ಅಷ್ಟಕ್ಕೇ ಅಲ್ಯೂಮಿನಿಯಂ ಕಥೆ ಮುಗಿಯಿತು ಅನ್ನಬೇಡಿ. 1989ರಲ್ಲಿ ಲೆ ಮಾನ್ಸ್ ಗೆದ್ದ ಸೌಬರ್-ಮರ್ಸಿಡಿಸ್ ಸಿ9 ಮತ್ತೆ ಅಲ್ಯೂಮಿನಿಯಂ ಕಾರೇ. ನೇರ ರಸ್ತೆಯಲ್ಲಿ ಗಂಟೆಗೆ ಸುಮಾರು 400 ಕಿ.ಮೀ. ಮುಟ್ಟಿದ ಕಾರದು! ಮರುವರ್ಷದ ಸಿ11 ಕಾರ್ಬನ್‌ಗೆ ಬಂತು. 1991ರಲ್ಲಿ ಗೆದ್ದ ಮಜ್ದಾ 787ಬಿ ಕೂಡ ಕಾರ್ಬನ್ ಕಾರು, ವಿನ್ಯಾಸಕ ಅದೇ ನೈಜೆಲ್ ಸ್ಟ್ರೌಡ್.

ಈ ಕಾರುಗಳು ಈಗಲೂ ಲೆ ಮಾನ್ಸ್ ಕ್ಲಾಸಿಕ್‌ನಂಥ ಕೂಟಗಳಲ್ಲಿ ಓಡುತ್ತವೆ. ಅಲ್ಯೂಮಿನಿಯಂ ದಣಿದರೆ ರಿವೆಟ್ ಸುತ್ತ ಬಿರುಕು ಕಾಣುತ್ತದೆ, ಅಂಟು ಬಿಟ್ಟ ಜಾಗವನ್ನು ತಟ್ಟಿ ನೋಡಿಯೂ ಗುರುತಿಸಬಹುದು. ಕಾರ್ಬನ್‌ನಲ್ಲಿ ಹೊರಮೈ ಚೆನ್ನಾಗಿದ್ದರೂ ಒಳಗಿನ ಪದರಗಳು ಬಿಟ್ಟಿರಬಹುದು. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಎರಡೂ ಸೇರಿದಲ್ಲಿ ಇನ್ನೂ ಹುಷಾರಾಗಿರಬೇಕು. ಮೆಕ್‌ಲಾರೆನ್ ಎಂಪಿ4/1ರಲ್ಲೇ ಕಾರ್ಬನ್ ಪದರಗಳ ನಡುವೆ ಇದ್ದದ್ದು ಅಲ್ಯೂಮಿನಿಯಂ ಹನಿಕೂಂಬ್. ತೇವ ಸೇರಿ ಇವೆರಡೂ ನೇರವಾಗಿ ತಾಗಿದರೆ ತಿಂದುಹೋಗುವುದು ಅಲ್ಯೂಮಿನಿಯಂ.