ಪಾಪು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುತ್ತೆ, ಏನು ಮಾಡೋದು?

ಪ್ರಶ್ನೆ: ಪಾಪುಗೆ 22 ದಿನ. ಹಗಲೆಲ್ಲ ನಿದ್ದೆ, ರಾತ್ರಿ ಹನ್ನೊಂದಾದರೆ ಅಳು ಶುರು. ಹಗಲು ಮಲಗೋಕೆ ಬಿಡಬೇಡ ಅಂತ ಮನೇಲಿ ಹೇಳ್ತಾರೆ. ಟೆನ್ಷನ್ ಹಾರ್ಮೋನ್ ಜಾಸ್ತಿ ಇದೆಯಾ ಅಂತ ಟೆಸ್ಟ್ ಮಾಡಿಸಬೇಕಾ? (ಬಾಣಂತಿ, ಶಿಡ್ಲಘಟ್ಟ)

ಉತ್ತರ: ಟೆಸ್ಟ್ ಬೇಡಮ್ಮ. ಆ ಹಾರ್ಮೋನಿನ ಹೆಸರು ಕಾರ್ಟಿಸಾಲ್. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ತಯಾರಾಗುತ್ತೆ. ಡಾಕ್ಟರು ಅದನ್ನು ಪರೀಕ್ಷೆ ಮಾಡಿಸುವುದು ಆ ಗ್ರಂಥಿಯ ಕಾಯಿಲೆಯ ಅನುಮಾನ ಬಂದಾಗ, ರಾತ್ರಿ ಎದ್ದಿರುವುದಕ್ಕಲ್ಲ.

ಕಾರ್ಟಿಸಾಲ್ ಅಂದರೆ ಕೆಟ್ಟದ್ದು ಅಂತ ಹೆದರಬೇಡಿ. ಹೆರಿಗೆ ಹತ್ತಿರ ಬಂದಂತೆ ಅದು ಮಗುವಿನಲ್ಲಿ ಏರುತ್ತೆ. ಶ್ವಾಸಕೋಶ ಬಲಿತು ಮೊದಲ ಉಸಿರು ಎಳೆಯಲು ಅದೇ ಬೇಕು. ದಿನ ತುಂಬುವ ಮುಂಚೆ ಹೆರಿಗೆ ಆಗುವಂತಿದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರಲ್ವಾ, ಅದೂ ಇದೇ ಕೆಲಸಕ್ಕೆ.

ದೊಡ್ಡವರಲ್ಲಿ ಈ ಹಾರ್ಮೋನ್ ಬೆಳಗಿನ ಜಾವ ಏರಿ, ನಡುರಾತ್ರಿ ಹೊತ್ತಿಗೆ ಇಳಿದಿರುತ್ತೆ. ಹುಟ್ಟಿದ ಮಗುವಿಗೆ ಈ ಏರಿಳಿತ ಇನ್ನೂ ಕೂಡಿಬಂದಿರುವುದಿಲ್ಲ. ಕೆಲವು ಮಕ್ಕಳಿಗೆ ಒಂದು ತಿಂಗಳಲ್ಲೇ ಬರುತ್ತೆ, ಹಲವರಿಗೆ ಎರಡು ಮೂರು ತಿಂಗಳು ಬೇಕು, ಇನ್ನು ಕೆಲವರಿಗೆ ಅದಕ್ಕಿಂತಲೂ ತಡ. ಕತ್ತಲಾದಾಗ ನಿದ್ದೆ ತರಿಸುವ ಮೆಲಟೋನಿನ್ ಕೂಡ ಹಾಗೇ. ಹೊಟ್ಟೆಯಲ್ಲಿದ್ದಾಗ ತಾಯಿಯದ್ದು ಸಿಗುತ್ತಿತ್ತು. ಸ್ವಂತದ್ದು ಸರಿಯಾಗಿ ಬರಲು ಸುಮಾರು ಮೂರು ತಿಂಗಳು. ಅಂದರೆ ನಿಮ್ಮ ಪಾಪು ಹಗಲು ರಾತ್ರಿಯನ್ನು ತಿರುಗುಮುರುಗು ಮಾಡಿಕೊಂಡಿಲ್ಲ. ಅದಕ್ಕೆ ಹಗಲು ರಾತ್ರಿ ಅನ್ನುವುದೇ ಇನ್ನೂ ಗೊತ್ತಿಲ್ಲ.

ಈಗ ಆ ಹಗಲು ಎಬ್ಬಿಸುವ ವಿಷಯಕ್ಕೆ ಬರುತ್ತೇನೆ. ಎಷ್ಟು ಮನೆಯಲ್ಲಿ ಹೇಳಿದ್ದೇನೋ ಲೆಕ್ಕ ಇಲ್ಲ. ಹೋದ ತಿಂಗಳು ಒಂದು ಮನೆಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಅಜ್ಜಿ ಒದ್ದೆ ಬಟ್ಟೆಯಿಂದ ಪಾಪುವಿನ ಅಂಗಾಲು ಒರೆಸುತ್ತಿದ್ದರು. ಪಾಪು ಮುಷ್ಟಿ ಬಿಗಿಹಿಡಿದು, ಗಲ್ಲ ನಡುಗಿಸಿ, ಅತ್ತು ಅತ್ತು ಬಿಕ್ಕಳಿಸುತ್ತಿತ್ತು. "ಈಗ ಮಲಗಿದ್ರೆ ರಾತ್ರಿ ನಮ್ಮನ್ನ ಮಲಗೋಕೆ ಬಿಡಲ್ಲ ಸಿಸ್ಟರಮ್ಮ" ಅಂದರು. ಸಾಯಂಕಾಲ ಹೇಗಿರುತ್ತೆ ಅಂತ ಕೇಳಿದೆ. "ಇನ್ನೂ ಜಾಸ್ತಿ ಅಳುತ್ತೆ" ಅಂದರು.

ಜಾಸ್ತಿ ಅಳದೆ ಇನ್ನೇನು? ಹೊಸ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. ಅದೂ ಎರಡು ಮೂರು ಗಂಟೆಯ ತುಂಡು ತುಂಡಾಗಿ, ಯಾಕೆಂದರೆ ಹೊಟ್ಟೆ ಪುಟ್ಟದು, ಬೇಗ ಹಸಿಯುತ್ತೆ. ನಮ್ಮ ಹಾಗೆ ಹಗಲಿನ ನಿದ್ದೆಯನ್ನು ರಾತ್ರಿಗೆ ಉಳಿಸಿಕೊಳ್ಳಲು ಅದಕ್ಕೆ ಆಗಲ್ಲ. ಕಾರ್ಟಿಸಾಲಿಗೆ ಗಡಿಯಾರ ಇಲ್ಲದಿದ್ದರೂ, ನೋವು, ಚಳಿ, ಗಾಬರಿಗೆ ಏರುವುದು ಹುಟ್ಟಿದ ದಿನದಿಂದಲೇ ಇದೆ. ಹಿಮ್ಮಡಿ ಚುಚ್ಚಿ ರಕ್ತ ತೆಗೆದಾಗ ಏರುತ್ತೆ. ಅಳಿಸಿ ಅಳಿಸಿ ಎಬ್ಬಿಸಿಟ್ಟರೂ ಏರುತ್ತೆ. ದಣಿದ ಮಗು ಸುಲಭವಾಗಿ ಮಲಗಲ್ಲ, ರಚ್ಚೆ ಹಿಡಿಯುತ್ತೆ.

ಆ ಮನೆಯಲ್ಲಿ ರೇಷ್ಮೆ ಸಾಕಣೆ ಇತ್ತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಅಲ್ಲಾಡದೆ ಕೂರುವುದಕ್ಕೆ ಸಾಕುವವರು ಜ್ವರ ಅಂತಾರೆ. ಅದಕ್ಕೆ ಅಜ್ಜಿಯನ್ನೇ ಕೇಳಿದೆ: "ಹುಳು ಜ್ವರಕ್ಕೆ ಕೂತಾಗ ಯಾರಾದ್ರೂ ಕೆದಕಿ ಎಬ್ಬಿಸಿ ಸೊಪ್ಪು ಹಾಕ್ತಾರಾಮ್ಮ?" ಅವರು ಮಾತಾಡದೆ ಬಟ್ಟೆ ಪಕ್ಕಕ್ಕಿಟ್ಟು, ಪಾಪುವನ್ನು ಎತ್ತಿ ಸೊಸೆಯ ಎದೆಗೆ ಕೊಟ್ಟರು. ನನಗೆ ಅವತ್ತು ಆದ ಸಂತೋಷ ಹೇಳತೀರದು.

ಒಂದು ಮಾತು ಇಲ್ಲಿ ಕಲಸಿಕೊಳ್ಳಬೇಡಿ. ಹಾಲಿಗೆ ಎಬ್ಬಿಸುವುದು ಬೇರೆ. ಹುಟ್ಟಿದ ತೂಕ ಮತ್ತೆ ಬರುವವರೆಗೂ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಹಾಲಿಲ್ಲದೆ ಮಲಗಿಸಬೇಡಿ. ಎಬ್ಬಿಸಿದರೂ ಏಳದೆ, ಹಾಲು ಚೀಪದೆ ಸೋತಂತಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಆಶಾ ಕಾರ್ಯಕರ್ತೆ 28ನೇ ದಿನ ಮತ್ತು 42ನೇ ದಿನ ಮನೆಗೆ ಬಂದಾಗ ತೂಕ ನೋಡಿಸಿ.

ಮಾಡಬೇಕಾದ್ದು ಇಷ್ಟೇ. ಬಾಣಂತಿ ಕೋಣೆಯ ಕಿಟಕಿಗೆ ತುರುಕಿರುವ ಹಳೇ ಸೀರೆ ತೆಗೆಯಿರಿ. ಮೂರು ತಿಂಗಳು ಕತ್ತಲೆಯಲ್ಲಿಟ್ಟು, ರಾತ್ರಿ ಟ್ಯೂಬ್‌ಲೈಟ್ ಹಾಕಿ ಆಡಿಸಿದರೆ ಗಡಿಯಾರ ಕಲಿಯುವುದಾದರೂ ಹೇಗೆ? ಹಗಲು ಬೆಳಕು, ಮಾತುಕತೆ, ಪಾತ್ರೆ ಸದ್ದು ಎಲ್ಲ ಇರಲಿ, ಪಾಪು ಅದರ ನಡುವೆಯೇ ಮಲಗಲಿ. ರಾತ್ರಿ ಸಣ್ಣ ಬಲ್ಬ್ ಸಾಕು. ಹಾಲು ಕೊಡಿ, ಒದ್ದೆ ಬಟ್ಟೆ ಬದಲಿಸಿ, ಮಾತಾಡಿಸದೆ ಮಲಗಿಸಿ. ತುಂಬಾ ರಚ್ಚೆ ಹಿಡಿದರೆ ಬರೀ ಮೈಗೆ ಮೈ ತಾಗುವಂತೆ ಎದೆಯ ಮೇಲೆ ಹಾಕಿಕೊಳ್ಳಿ. ಅಳು ಆರನೇ ವಾರದ ಆಸುಪಾಸಿನಲ್ಲಿ ಜಾಸ್ತಿಯಾಗಿ ಆಮೇಲೆ ಇಳಿಯುತ್ತೆ, ಆಗ ಗಾಬರಿಯಾಗಬೇಡಿ.

ನೀವು ಕೇಳಿಲ್ಲ, ಆದರೂ ಎದೆಹಾಲಿನ ಬಗ್ಗೆ ಹೇಳಲೇಬೇಕು. ಹಾಲಿಗೂ ಹೊತ್ತಿದೆ. ಬೆಳಗಿನ ಹಾಲಿನಲ್ಲಿ ತಾಯಿಯ ಕಾರ್ಟಿಸಾಲ್ ಜಾಸ್ತಿ, ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಜಾಸ್ತಿ. ತನಗೆ ಇನ್ನೂ ಬಾರದ ಗಡಿಯಾರವನ್ನು ಮಗು ಅಮ್ಮನ ಹಾಲಿನಿಂದ ಸ್ವಲ್ಪ ಎರವಲು ಪಡೆಯುತ್ತೆ. ಕೆಲಸಕ್ಕೆ ಹೋಗುವ ತಾಯಂದಿರು ಹಾಲು ಹಿಂಡಿಟ್ಟು ಹೋಗುತ್ತಾರಲ್ಲ, ಅವರು ಡಬ್ಬಿಯ ಮೇಲೆ ಗಂಟೆ ಬರೆದಿಡಿ. ಆದಷ್ಟು ಬೆಳಗಿನದ್ದನ್ನು ಹಗಲು, ರಾತ್ರಿಯದ್ದನ್ನು ರಾತ್ರಿ ಕೊಡಲಿ. ಅದಲುಬದಲಾದರೆ ಚೆಲ್ಲಬೇಡಿ, ಅದೂ ಒಳ್ಳೆಯ ಹಾಲೇ. ಫ್ರಿಜ್ ಇಲ್ಲದ ಮನೆಯಲ್ಲಿ ನಾಲ್ಕು ಗಂಟೆ ದಾಟಿಸಬೇಡಿ, ಬೇಸಿಗೆಯಲ್ಲಿ ಅದಕ್ಕೂ ಮುಂಚೆ ಕುಡಿಸಿಬಿಡಿ.